ಗಣಕಯಂತ್ರದ ಆಯ್ಕೆಯಲ್ಲಿ ಔಚಿತ್ಯ

ಹಿಂದಿನ ತಲೆಮಾರಿನ ದಾನಿಗಳು ವಿದ್ಯಾಸಂಸ್ಥೆಗಳಿಗೆ ಬಾವಿ ತೋಡಿಸಿಕೊಟ್ಟರು, ಕೊಠಡಿಗಳನ್ನು ಕಟ್ಟಿಸಿಕೊಟ್ಟರು, ಗ್ರಂಥಭಂಡಾರಕ್ಕೆ ಪುಸ್ತಕಗಳನ್ನೂ ತರಗತಿಗಳಿಗೆ ಬೆಂಚುಗಳನ್ನೂ ಒದಗಿಸಿದರು. ಆ ಕಾಲದಲ್ಲಿ ಕೊಡುವ ವಸ್ತುವಿನ ಗುಣದೋಷಗಳು ಕೊಡುವವರಿಗೆ ಚೆನ್ನಾಗಿ ತಿಳಿದಿದ್ದವು. ಬಾವಿಯ ಒರತೆ ಎಂಥದು, ತೊಲೆಗೆ ತೇಗವೋ ಹೊನ್ನೆಯೋ, ಗೋಡೆಯ ಇಟ್ಟಿಗೆ ಎಷ್ಟು ಬೆಂದಿರಬೇಕು ಎಂಬುದನ್ನು ಅವರು ಕೈಯಿಂದ ಮುಟ್ಟಿ, ಕಣ್ಣಿನಿಂದ ಅಳೆದು ನಿರ್ಣಯಿಸುತ್ತಿದ್ದರು. ಇಂದು ದಾನದ ರೂಪ ಬದಲಾಗಿದೆ. ಹಳೆಯ ವಿದ್ಯಾರ್ಥಿಗಳು ಒಟ್ಟುಗೂಡಿ ತಾವು ಕಲಿತ ಶಾಲೆಗೆ ಏನಾದರೂ ಕೊಡಬೇಕೆಂದು ಹೊರಟಾಗ ಮೊದಲು ನೆನಪಿಗೆ ಬರುವ ವಸ್ತು ಕಂಪ್ಯೂಟರ್, ಅಂದರೆ ಗಣಕಯಂತ್ರ. ಆದರೆ ಈ ಯಂತ್ರವನ್ನು ಮುಟ್ಟಿ ನೋಡಿದರೆ ಗುಣ ತಿಳಿಯದು. ತಟ್ಟಿ ನೋಡಿದರೆ ಮಡಕೆಯಂತೆ ನಾದ ಹೊರಡದು. ಪೆಟ್ಟಿಗೆಯ ಮೇಲೆ ಅಂಟಿಸಿದ ಚೀಟಿಯೊಂದೇ ಸಾಕ್ಷಿ. ಆ ಚೀಟಿಯ ಭಾಷೆಯನ್ನರಿಯದವರು ಮಾರುವವನ ಮಾತನ್ನೇ ಪ್ರಮಾಣವೆಂದು ನಂಬಬೇಕಾಗುತ್ತದೆ.

ಚೀಟಿಯಲ್ಲಿ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಎದ್ದು ಕಾಣುವುದು ಪ್ರೊಸೆಸರಿನ ಹೆಸರು. ಕನ್ನಡದಲ್ಲಿ ಇದನ್ನು ಸಂಸ್ಕಾರಕವೆಂದು ಕರೆಯುವುದುಂಟು. ಗಣಕಕ್ಕೆ ಕೊಟ್ಟ ಅಂಕಿಗಳನ್ನೂ ಅಕ್ಷರಗಳನ್ನೂ ಆಜ್ಞೆಗನುಸಾರವಾಗಿ ಸಂಸ್ಕರಿಸಿ ಫಲವನ್ನು ಹೊರಗೆಡಹುವ ಅಂಗವಿದು. ಇದರ ಆಯ್ಕೆಯಲ್ಲಿ ಎರಡು ಬಗೆಯ ತಪ್ಪುಗಳು ಪದೇ ಪದೇ ನಡೆಯುತ್ತವೆ. ಕೊಡುವುದಾದರೆ ಶ್ರೇಷ್ಠವಾದುದನ್ನೇ ಕೊಡಬೇಕೆಂಬ ಅಭಿಮಾನದಿಂದ ಕೆಲವರು ಅತ್ಯುನ್ನತ ದರ್ಜೆಯ ಪ್ರೊಸೆಸರಿಗೆ ಹಣವನ್ನೆಲ್ಲ ಸುರಿಯುತ್ತಾರೆ. ಅಗ್ಗವಾಗಿ ಹೆಚ್ಚು ಯಂತ್ರಗಳು ದೊರೆಯಲೆಂದು ಮತ್ತೆ ಕೆಲವರು ಕಾಲ ಮುಗಿದ ಪ್ರೊಸೆಸರುಗಳನ್ನು ಹೊಸ ಪೆಟ್ಟಿಗೆಯಲ್ಲಿ ಕೊಂಡು ತರುತ್ತಾರೆ. ಎರಡರಲ್ಲಿಯೂ ನಷ್ಟ ಮಕ್ಕಳದು. ಕಾವ್ಯಮೀಮಾಂಸೆಯನ್ನು ಅಭ್ಯಸಿಸಿದವರಿಗೆ 11ನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಪ್ರತಿಪಾದಿಸಿದ ಔಚಿತ್ಯತತ್ತ್ವ ಪರಿಚಿತವಾದುದು. ಯಾವುದು ಎಲ್ಲಿಗೆ ತಕ್ಕುದೋ ಅದು ಅಲ್ಲಿದ್ದರೇನೇ ಶೋಭೆ. ಮದುವೆಯ ಜರಿಪೇಟ ಎಷ್ಟು ಬೆಲೆಯುಳ್ಳದ್ದಾದರೂ ಉಳುಮೆಯ ಹೊಲದಲ್ಲಿ ತಲೆಗೆ ಭಾರವೇ ಸರಿ. ಶಾಲೆಯ ಗಣಕದ ವಿಷಯದಲ್ಲಿಯೂ ಈ ಸೂತ್ರವೇ ಅನ್ವಯಿಸುತ್ತದೆ: ಹೊಸ ತಲೆಮಾರಿನ ಮಧ್ಯಮ ದರ್ಜೆಯ ಪ್ರೊಸೆಸರನ್ನು ಆರಿಸಿ, ಉಳಿದ ಹಣವನ್ನು ಯಂತ್ರದ ಇತರ ಅಂಗಗಳಿಗೂ ಅದರ ರಕ್ಷಣೆಗೂ ವಿನಿಯೋಗಿಸುವುದೇ ಉಚಿತವಾದ ಮಾರ್ಗ.

ಈ ಮಾತಿನ ಮರ್ಮ ತಿಳಿಯಬೇಕಾದರೆ ಪ್ರೊಸೆಸರಿನ ಕೆಲಸವನ್ನು ತುಸು ಅರಿತುಕೊಳ್ಳಬೇಕು. ನೂರಾರು ಮಂದಿಗೆ ಊಟ ಸಿದ್ಧವಾಗುವ ದೊಡ್ಡ ಅಡುಗೆಮನೆಯ ದೃಷ್ಟಾಂತ ಇದಕ್ಕೆ ಸಾಕು. ಪ್ರೊಸೆಸರ್ ಎಂದರೆ ಅಡುಗೆಯವರು. ‘ಕೋರ್’ ಎಂಬುದು ಅಡುಗೆಯವರ ಸಂಖ್ಯೆ. ನಾಲ್ಕು ಕೋರ್ ಎಂದರೆ ನಾಲ್ವರು ಕೈಗೂಡಿಸಿದ್ದಾರೆಂದು ಅರ್ಥ. ‘ಗಿಗಾಹರ್ಟ್ಸ್’ ಎಂಬ ಅಳತೆ ಒಬ್ಬೊಬ್ಬರ ಕೈಚಲನೆಯ ವೇಗ. ರ‍್ಯಾಮ್ ಎಂಬುದು ಹೆಚ್ಚಿದ ತರಕಾರಿ, ತೊಳೆದ ಅಕ್ಕಿ, ಅರೆದ ಮಸಾಲೆಗಳನ್ನು ಕೈಗೆಟುಕುವಂತೆ ಇಟ್ಟುಕೊಳ್ಳುವ ಕಟ್ಟೆ. ಮಾಹಿತಿಯೆಲ್ಲ ಸಂಗ್ರಹವಾಗಿರುವ ಡಿಸ್ಕು ಉಗ್ರಾಣ. ಅಡುಗೆಯವರು ಎಷ್ಟೇ ಚುರುಕಾಗಿದ್ದರೂ ಕಟ್ಟೆ ಒಂದು ಮೊಳವಿದ್ದರೆ, ಉಗ್ರಾಣದ ಬೀಗದ ಕೈ ಹುಡುಕುವುದಕ್ಕೆ ಅರ್ಧ ಗಂಟೆ ಹಿಡಿದರೆ, ಪಂಕ್ತಿಯಲ್ಲಿ ಕುಳಿತವರು ಬರಿಯ ಎಲೆಯನ್ನೇ ನೋಡುತ್ತಿರಬೇಕಾಗುತ್ತದೆ. ಅಡುಗೆಯವರ ಸಂಖ್ಯೆಗೂ ಒಂದು ಮಿತಿಯುಂಟು. ತರಕಾರಿ ಹೆಚ್ಚುವ ಕೆಲಸವನ್ನು ಎಂಟು ಮಂದಿ ಹಂಚಿಕೊಳ್ಳಬಹುದು; ಒಂದೇ ಹಂಡೆಯ ಅನ್ನವನ್ನು ಎಂಟು ಮಂದಿ ಕೂಡಿ ಎಂಟು ಪಾಲು ಬೇಗ ಬೇಯಿಸಲಾರರು. ಗಣಕದ ಕೆಲಸಗಳಲ್ಲಿಯೂ ಹಂಚಲು ಬರುವಂಥವು ಕೆಲವು, ಹಂಚಲು ಬಾರದಂಥವು ಕೆಲವು. ಪತ್ರ ಬರೆಯುವುದು, ಅಂಕಪಟ್ಟಿ ಸಿದ್ಧಪಡಿಸುವುದು, ಜಾಲದಲ್ಲಿ ಪಾಠವೊಂದನ್ನು ತೆರೆದು ನೋಡುವುದು ಮುಂತಾದ ನಿತ್ಯದ ಕೆಲಸಗಳಿಗೆ ಕೋರುಗಳ ದಂಡು ಬೇಕಾಗಿಲ್ಲ.

ಬರಿಯ ವೇಗದ ಸಂಖ್ಯೆಯನ್ನು ನೋಡಿ ಕೊಳ್ಳುವ ರೂಢಿ ಹೇಗೆ ಬಂದಿತು, ಅದು ಏಕೆ ಸಲ್ಲದಾಯಿತು ಎಂಬುದನ್ನು ಚರಿತ್ರೆಯೇ ಹೇಳುತ್ತದೆ. 1971ರಲ್ಲಿ ಇಂಟೆಲ್ ಸಂಸ್ಥೆ ಜಪಾನಿನ ಲೆಕ್ಕದ ಯಂತ್ರಗಳ ಕಂಪನಿಯೊಂದಕ್ಕಾಗಿ ರಚಿಸಿದ 4004 ಎಂಬ ಪ್ರೊಸೆಸರಿನಲ್ಲಿದ್ದ ಟ್ರಾನ್ಸಿಸ್ಟರುಗಳು ಸುಮಾರು 2,300. ಇಂದಿನ ಪ್ರೊಸೆಸರುಗಳಲ್ಲಿ ಅವುಗಳನ್ನು ಕೋಟಿಗಳಲ್ಲಿ ಎಣಿಸಬೇಕು. ಒಂದು ಬಿಲ್ಲೆಯ ಮೇಲೆ ಅಡಕವಾಗುವ ಅಂಗಗಳ ಸಂಖ್ಯೆ ನಿಯತಕಾಲದಲ್ಲಿ ಇಮ್ಮಡಿಯಾಗುತ್ತ ಹೋಗುವುದೆಂದು ಗಾರ್ಡನ್ ಮೂರ್ 1965ರಲ್ಲಿಯೇ ಊಹಿಸಿದ್ದನು. 1975ರಲ್ಲಿ ಆ ಅವಧಿಯನ್ನು ಎರಡು ವರ್ಷವೆಂದು ತಿದ್ದಿದನು. 1981ರಲ್ಲಿ ಐ.ಬಿ.ಎಂ. ಸಂಸ್ಥೆಯ ಪರ್ಸನಲ್ ಕಂಪ್ಯೂಟರ್ 8088 ಎಂಬ ಪ್ರೊಸೆಸರಿನೊಡನೆ ಹೊರಬಂದಾಗ ಅದರ ವೇಗ 4.77 ಮೆಗಾಹರ್ಟ್ಸ್. ಅಲ್ಲಿಂದ ಮುಂದೆ ಎರಡು ದಶಕಗಳ ಕಾಲ ವೇಗವೇ ಶ್ರೇಷ್ಠತೆಯ ಅಳತೆಗೋಲಾಯಿತು. 2004ರ ವೇಳೆಗೆ ಪೆಂಟಿಯಂ 4 ಪ್ರೊಸೆಸರಿನ ವೇಗ 3.8 ಗಿಗಾಹರ್ಟ್ಸಿಗೆ ಏರಿತು. ಅಲ್ಲಿ ಶಾಖವೇ ಅಡ್ಡಗೋಡೆಯಾಗಿ ನಿಂತಿತು. ವೇಗ ಹೆಚ್ಚಿಸಿದಷ್ಟೂ ಬಿಲ್ಲೆ ಕಾದು, ಅದನ್ನು ತಂಪುಗೊಳಿಸುವುದು ದುಸ್ಸಾಧ್ಯವಾಯಿತು. 2005ರಲ್ಲಿ ಇಂಟೆಲ್ ಹಾಗೂ ಎ.ಎಂ.ಡಿ. ಸಂಸ್ಥೆಗಳೆರಡೂ ಸಾಮಾನ್ಯ ಬಳಕೆದಾರರಿಗೆ ಎರಡು ಕೋರುಗಳ ಪ್ರೊಸೆಸರುಗಳನ್ನು ತಂದವು. ಅಂದಿನಿಂದ ಪ್ರಗತಿಯ ದಾರಿ ಬೇರೆಯಾಗಿದೆ. ಪ್ರತಿಯೊಂದು ತಲೆಮಾರಿನಲ್ಲಿಯೂ ಒಂದು ಮಿಡಿತದಲ್ಲಿ ಆಗುವ ಕೆಲಸದ ಪ್ರಮಾಣವನ್ನು ಹೆಚ್ಚಿಸುವುದು, ಅದೇ ಕೆಲಸಕ್ಕೆ ತಗಲುವ ವಿದ್ಯುತ್ತನ್ನು ತಗ್ಗಿಸುವುದು ರಚನಕಾರರ ಗುರಿಯಾಯಿತು. ಆದಕಾರಣ ಹತ್ತು ವರ್ಷ ಹಳೆಯದಾದ 4 ಗಿಗಾಹರ್ಟ್ಸಿನ ಪ್ರೊಸೆಸರನ್ನೂ ಇಂದಿನ 4 ಗಿಗಾಹರ್ಟ್ಸಿನ ಪ್ರೊಸೆಸರನ್ನೂ ಸಮಾನವೆಂದು ಭಾವಿಸುವುದು, ಎರಡೂ ಎತ್ತುಗಳೇ ಎಂದು ಮುದಿಯೆತ್ತಿಗೂ ಹೋರಿಗೂ ಒಂದೇ ಬೆಲೆ ಕಟ್ಟಿದಂತೆ.

ಇನ್ನು ಹೆಸರುಗಳ ವಿಚಾರ. ಕನ್ನಡ ವ್ಯಾಕರಣದಲ್ಲಿ ಅಂಕಿತನಾಮ, ಅನ್ವರ್ಥನಾಮಗಳೆಂಬ ಭೇದವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೂ ಬಲ್ಲರು. ಇಟ್ಟುಕೊಂಡ ಹೆಸರು ಅಂಕಿತನಾಮ. ಗುಣಕ್ಕೆ ತಕ್ಕಂತೆ ಬಂದದ್ದು ಅನ್ವರ್ಥನಾಮ. ‘ಐ 3’, ‘ಐ 5’, ‘ಐ 7’ ಎಂಬ ಇಂಟೆಲ್ ಹೆಸರುಗಳನ್ನು ಜನರು ಅನ್ವರ್ಥನಾಮಗಳೆಂದು ತಿಳಿದು ಮೋಸಹೋಗುತ್ತಾರೆ. 3, 5, 7 ಎಂಬ ಸಂಖ್ಯೆಗಳು ಕೋರುಗಳ ಎಣಿಕೆಯಲ್ಲ. ವೇಗದ ಅಳತೆಯೂ ಅಲ್ಲ. ಒಂದು ತಲೆಮಾರಿನೊಳಗೆ ಕೆಳಗಿನದು, ನಡುವಿನದು, ಮೇಲಿನದು ಎಂಬ ದರ್ಜೆಯನ್ನು ಮಾತ್ರ ಅವು ಸೂಚಿಸುತ್ತವೆ. ತಲೆಮಾರು ಬದಲಾದರೆ ಆ ತಾರತಮ್ಯಕ್ಕೆ ಅರ್ಥವಿಲ್ಲ. ನಿದರ್ಶನಕ್ಕೆ, 2017ರಲ್ಲಿ ಬಂದ ಐ 7-7700 ಮೇಲ್ದರ್ಜೆಯದು. 2022ರಲ್ಲಿ ಬಂದ ಐ 3-12100 ಕೆಳದರ್ಜೆಯದು. ಎರಡರಲ್ಲಿಯೂ ಕೋರುಗಳು ನಾಲ್ಕೇ. ಹೀಗಿದ್ದೂ ಹೊಸ ಐ 3 ಹಳೆಯ ಐ 7ನ್ನು ಕೆಲಸದಲ್ಲಿ ಮೀರಿಸುತ್ತದೆ. ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಮೈಕ್ರೋಸಾಫ್ಟ್ ಸಂಸ್ಥೆ 2021ರಲ್ಲಿ ಹೊರತಂದ ವಿಂಡೋಸ್ 11 ತಂತ್ರಾಂಶವು ಇಂಟೆಲಿನ 8ನೆಯ ತಲೆಮಾರಿಗಿಂತ ಹಿಂದಿನ ಪ್ರೊಸೆಸರುಗಳನ್ನು, ತೀರ ಕೆಲವನ್ನು ಬಿಟ್ಟರೆ, ಅಧಿಕೃತವಾಗಿ ಒಪ್ಪುವುದಿಲ್ಲ. ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಹೀಗಿರುವಲ್ಲಿ ‘ಐ 7 ಇಷ್ಟು ಅಗ್ಗಕ್ಕೆ ಮತ್ತೆಲ್ಲಿಯೂ ಸಿಗದು’ ಎಂಬ ಮಾತಿಗೆ ಮರುಳಾಗಿ 7ನೆಯ ತಲೆಮಾರಿನ ಯಂತ್ರಗಳನ್ನು ತಂದ ಶಾಲೆಯು ಮೊದಲ ದಿನವೇ ತೊಡಕಿಗೆ ಸಿಲುಕುತ್ತದೆ. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೆ ತತ್ವಾರ ಎಂಬ ಗಾದೆ ಇಲ್ಲಿ ಸಾರ್ಥಕವಾಗುತ್ತದೆ.

ತಲೆಮಾರನ್ನು ಗುರುತಿಸುವ ಕ್ರಮ ಕಠಿನವಾದುದಲ್ಲ. ಐ 5-8400 ಎಂಬುದರಲ್ಲಿ ಗೆರೆಯ ಮುಂದಿನ ನಾಲ್ಕು ಅಂಕಿಗಳಲ್ಲಿ ಮೊದಲನೆಯದಾದ 8 ತಲೆಮಾರನ್ನು ಹೇಳುತ್ತದೆ. ಐ 5-12400 ಎಂಬಲ್ಲಿ ಐದು ಅಂಕಿಗಳಿರುವುದರಿಂದ ಮೊದಲ ಎರಡು, ಅಂದರೆ 12, ತಲೆಮಾರಾಗುತ್ತದೆ. ಇಂಟೆಲ್ ಸಂಸ್ಥೆಯು 2023ರ ಕೊನೆಯಿಂದ ‘ಐ’ ಅಕ್ಷರವನ್ನು ಬಿಟ್ಟು ‘ಕೋರ್’, ‘ಕೋರ್ ಅಲ್ಟ್ರಾ’ ಎಂಬ ಹೊಸ ಹೆಸರುಗಳನ್ನು ತಂದಿರುವುದರಿಂದ ಹಳೆಯ ಸೂತ್ರವನ್ನು ಅಲ್ಲಿ ಹಾಗೆಯೇ ಹಚ್ಚಲಾಗದು. ಎ.ಎಂ.ಡಿ. ಸಂಸ್ಥೆಯ ‘ರೈಜನ್’ ಹೆಸರುಗಳಲ್ಲಿ ಎಚ್ಚರ ಇನ್ನೂ ಹೆಚ್ಚಾಗಿ ಬೇಕು. 7000ದ ಸಾಲಿನ ಲ್ಯಾಪ್‌ಟಾಪುಗಳಲ್ಲಿ ಮೊದಲ ಅಂಕಿ ಮಾರುಕಟ್ಟೆಗೆ ಬಂದ ಸಾಲನ್ನು ಸೂಚಿಸಿದರೆ, ಒಳಗಿನ ರಚನೆ ಯಾವ ಕಾಲದ್ದೆಂಬುದನ್ನು ಮೂರನೆಯ ಅಂಕಿ ಹೇಳುತ್ತದೆ. ರೈಜನ್ 5 7520ಯು, ರೈಜನ್ 5 7640ಯು ಎಂಬೆರಡೂ ಮೇಲುನೋಟಕ್ಕೆ ಅಣ್ಣತಮ್ಮಂದಿರಂತೆ ಕಂಡರೂ, ಮೊದಲನೆಯದು 2019ರಲ್ಲಿ ಬೆಳಕಿಗೆ ಬಂದ ಝೆನ್ 2 ರಚನೆಯನ್ನು ಆಧರಿಸಿದೆ. ಎರಡನೆಯದು 2022ರ ಝೆನ್ 4 ರಚನೆಯದು. ಮೊದಲನೆಯದರಲ್ಲಿ ನಾಲ್ಕು ಕೋರ್, ಎರಡನೆಯದರಲ್ಲಿ ಆರು. ಹೊಸ ಚರ್ಮದೊಳಗೆ ಹಳೆಯ ಮೂಳೆ ಅಡಗಿರುವ ಇಂಥ ಸಂದರ್ಭಗಳಲ್ಲಿ ಚೀಟಿಯ ದಪ್ಪಕ್ಷರಕ್ಕಿಂತ ಸಣ್ಣ ಅಂಕಿಯೇ ಸತ್ಯವನ್ನು ನುಡಿಯುತ್ತದೆ.

ಹೆಸರಿನ ಕೊನೆಗೆ ಬರುವ ಅಕ್ಷರವನ್ನು ಪ್ರತ್ಯಯವೆಂದು ತಿಳಿಯಬಹುದು. ಪ್ರಕೃತಿ ಒಂದೇ ಆದರೂ ಪ್ರತ್ಯಯ ಬದಲಾದೊಡನೆ ಪದದ ಅರ್ಥ ಬೇರೆಯಾಗುವಂತೆ, ಪ್ರೊಸೆಸರಿನ ಸಂಖ್ಯೆ ಒಂದೇ ಇದ್ದರೂ ಕೊನೆಯ ಅಕ್ಷರದಿಂದ ಅದರ ಸ್ವಭಾವ ಬದಲಾಗುತ್ತದೆ. ಲ್ಯಾಪ್‌ಟಾಪುಗಳಲ್ಲಿ ‘ಯು’ ಎಂದರೆ ಮಿತವಾದ ವಿದ್ಯುತ್ತು. ‘ಎಚ್’ ಎಂದರೆ ಹೆಚ್ಚಿನ ಬಲ, ಅದರ ಬೆನ್ನಿಗೆ ಹೆಚ್ಚಿನ ಶಾಖ. ಮೇಜಿನ ಮೇಲಿಡುವ ಗಣಕಗಳಲ್ಲಿ ಇಂಟೆಲಿನ ‘ಕೆ’ ಎಂಬುದು ವೇಗವನ್ನು ತಾವೇ ಏರಿಸಿಕೊಳ್ಳಬಯಸುವ ಹವ್ಯಾಸಿಗಳಿಗೆ ಉದ್ದಿಷ್ಟವಾದುದು. ಶಾಲೆಗೆ ಅದರಿಂದ ಪ್ರಯೋಜನವಿಲ್ಲ. ‘ಎಫ್’ ಎಂಬ ಅಕ್ಷರವಂತೂ ವಿಶೇಷವಾಗಿ ನೆನಪಿಡತಕ್ಕದ್ದು. ಅದಿದ್ದರೆ ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗವು ಪ್ರೊಸೆಸರಿನಲ್ಲಿ ಕೆಲಸ ಮಾಡುವುದಿಲ್ಲ. ಐ 3-12100ಕ್ಕಿಂತ ಐ 3-12100ಎಫ್ ಬೆಲೆಯಲ್ಲಿ ಕೊಂಚ ಕಡಮೆ ಎಂದು ಇಪ್ಪತ್ತು ಯಂತ್ರಗಳಿಗೆ ಅದನ್ನೇ ಆರಿಸಿದರೆಂದು ಇಟ್ಟುಕೊಳ್ಳಬಹುದು. ಉದ್ಘಾಟನೆಯ ದಿನ ಗುಂಡಿ ಒತ್ತಿದಾಗ ಫ್ಯಾನುಗಳು ತಿರುಗುತ್ತವೆ, ಪರದೆಗಳು ಕಪ್ಪಾಗಿಯೇ ಉಳಿಯುತ್ತವೆ. ಪ್ರತಿ ಯಂತ್ರಕ್ಕೂ ಬೇರೆ ಗ್ರಾಫಿಕ್ಸ್ ಕಾರ್ಡು ಕೊಳ್ಳುವವರೆಗೆ ಆ ಪ್ರಯೋಗಾಲಯದಲ್ಲಿ ಪಾಠ ನಡೆಯದು. ಉಳಿಸಿದ್ದು ಚಿಲ್ಲರೆ, ತೆತ್ತದ್ದು ಇಡಿಗಂಟು. ಎ.ಎಂ.ಡಿ.ಯಲ್ಲಿಯೂ ಇಂಥ ಭೇದವುಂಟು: ರೈಜನ್ 5 5600ಜಿ ಎಂಬುದರಲ್ಲಿ ಗ್ರಾಫಿಕ್ಸ್ ಅಡಕವಾಗಿದೆ, ‘ಜಿ’ ಇಲ್ಲದ ರೈಜನ್ 5 5600ರಲ್ಲಿ ಇಲ್ಲ.

ಶಾಲೆಯೊಂದು ಗಣಕದಿಂದ ಅಪೇಕ್ಷಿಸುವುದಾದರೂ ಏನನ್ನು? ಕಚೇರಿಯಲ್ಲಿ ದಾಖಲಾತಿ, ಹಾಜರಿ, ಶುಲ್ಕದ ಲೆಕ್ಕ. ಅಧ್ಯಾಪಕರಿಗೆ ಪ್ರಶ್ನಪತ್ರಿಕೆ, ಪಾಠಟಿಪ್ಪಣಿ. ಮಕ್ಕಳಿಗೆ ಅಕ್ಷರ ಜೋಡಣೆ, ಲೆಕ್ಕದ ಹಾಳೆ, ಪ್ರೋಗ್ರಾಮಿಂಗಿನ ಪ್ರಾಥಮಿಕ ಪಾಠ, ಜಾಲದ ಮೂಲಕ ದೊರೆಯುವ ವಿಡಿಯೋ ಪಾಠಗಳು. ಕನ್ನಡ ಬರವಣಿಗೆಗೆ ನುಡಿ, ಬರಹ ಮೊದಲಾದ ತಂತ್ರಾಂಶಗಳು ಬಂದಾಗ ಇದ್ದ ಗಣಕಗಳು ಇಂದಿನ ಅತಿ ಸಾಮಾನ್ಯ ಗಣಕಕ್ಕಿಂತಲೂ ಎಷ್ಟೋ ಪಾಲು ದುರ್ಬಲವಾಗಿದ್ದವು. ಆದರೂ ಕನ್ನಡದ ಅಕ್ಷರಗಳು ಅವುಗಳಲ್ಲಿ ಅಂದವಾಗಿಯೇ ಮೂಡಿದವು. ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರೆತಿದೆ. ಆದುದರಿಂದ ಕನ್ನಡದ ಕೆಲಸಕ್ಕೆ ದೊಡ್ಡ ಪ್ರೊಸೆಸರ್ ಬೇಕೆಂಬ ವಾದ ನಿಲ್ಲದು. ಬರಿಯ ಬರವಣಿಗೆ ಹಾಗೂ ಜಾಲದ ಪಾಠಗಳಿಗೆ ಮೀಸಲಾದ ಯಂತ್ರವಾದರೆ 2023ರಲ್ಲಿ ಬಂದ ಇಂಟೆಲ್ ಎನ್100ರಂಥ, 6 ವ್ಯಾಟಿನ ದರ್ಜೆಯ ಪುಟ್ಟ ಪ್ರೊಸೆಸರ್ ಕೂಡ ನಿಭಾಯಿಸಬಲ್ಲುದು. ಪ್ರೋಗ್ರಾಮಿಂಗ್, ಚಿತ್ರಸಂಸ್ಕರಣ ಮುಂತಾದವನ್ನೂ ಕಲಿಸುವ ಪ್ರಯೋಗಾಲಯಕ್ಕೆ ಹೊಸ ತಲೆಮಾರಿನ ನಾಲ್ಕು ಅಥವಾ ಆರು ಪೂರ್ಣಬಲದ ಕೋರುಗಳು, ಅದರೊಳಗೇ ಗ್ರಾಫಿಕ್ಸ್, ಇಷ್ಟಿದ್ದರೆ ಸಮೃದ್ಧಿ. ಶಾಲೆಯ ಕಾರ್ಯಕ್ರಮಗಳ ವಿಡಿಯೋಗಳನ್ನು ಸಂಕಲಿಸುವ ಯಂತ್ರ ಒಂದು ಬೇಕಾದೀತು. ಹಾಗಿದ್ದರೆ ಎಂಟು ಕೋರುಗಳ ಯಂತ್ರವನ್ನು ಒಂದನ್ನೇ ಕೊಳ್ಳಲಿ. ಒಂದು ಯಂತ್ರದ ಅಗತ್ಯವನ್ನು ಇಪ್ಪತ್ತು ಯಂತ್ರಗಳಿಗೆ ಹೇರುವುದು ಸಲ್ಲದು.

ಪ್ರೊಸೆಸರಿನಲ್ಲಿ ಉಳಿಸಿದ ಹಣವನ್ನು ಎಲ್ಲಿ ಹೂಡಬೇಕೆಂಬುದಕ್ಕೆ ಅಡುಗೆಮನೆಯ ದೃಷ್ಟಾಂತವೇ ಉತ್ತರ ಕೊಡುತ್ತದೆ. ಕಟ್ಟೆ ವಿಶಾಲವಾಗಿರಲಿ, ಉಗ್ರಾಣದ ಬಾಗಿಲು ಬೇಗ ತೆರೆಯಲಿ. ಇಂದು 8 ಗಿಗಾಬೈಟ್ ರ‍್ಯಾಮ್ ಕನಿಷ್ಠ. 16 ಇದ್ದರೆ ನೆಮ್ಮದಿ. ತಿರುಗುವ ಹಳೆಯ ಹಾರ್ಡ್ ಡಿಸ್ಕಿನ ಬದಲು ಎಸ್.ಎಸ್.ಡಿ. ಇರಲೇಬೇಕು. ಐ 7 ಪ್ರೊಸೆಸರಿಗೆ 4 ಗಿಗಾಬೈಟ್ ರ‍್ಯಾಮನ್ನೂ ತಿರುಗುವ ಡಿಸ್ಕನ್ನೂ ಜೋಡಿಸಿದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬಂತಾಗುತ್ತದೆ. 2025ರ ಉತ್ತರಾರ್ಧದಲ್ಲಿ ರ‍್ಯಾಮಿನ ಬೆಲೆ ಜಗತ್ತಿನಾದ್ಯಂತ ಒಮ್ಮೆಲೇ ಏರಿದುದನ್ನು ಕಂಡವರು, ಇದಕ್ಕೆ ಮೊದಲೇ ಹಣ ತೆಗೆದಿರಿಸುವುದು ಎಷ್ಟು ಅವಶ್ಯಕವೆಂಬುದನ್ನು ಬಲ್ಲರು. ರ‍್ಯಾಮನ್ನು ಮುಂದೆ ಸೇರಿಸಬಹುದೇ ಎಂಬುದನ್ನೂ ಕೊಳ್ಳುವಾಗಲೇ ಕೇಳಬೇಕು. ಹಲವು ಲ್ಯಾಪ್‌ಟಾಪುಗಳಲ್ಲಿ ಅದನ್ನು ಬೋರ್ಡಿಗೆ ಬೆಸೆದೇ ಬಿಟ್ಟಿರುತ್ತಾರೆ.

ಗ್ರಾಮಾಂತರದ ಶಾಲೆಗಳಿಗೆ ವಿದ್ಯುತ್ತಿನ ಪ್ರಶ್ನೆ ಇವೆಲ್ಲಕ್ಕಿಂತ ದೊಡ್ಡದು. ಒಂದೊಂದು ಯಂತ್ರವೂ ಪರದೆಯೊಡನೆ 150 ವ್ಯಾಟ್ ಬಳಸಿದರೆ ಇಪ್ಪತ್ತು ಯಂತ್ರಗಳಿಗೆ 3,000 ವ್ಯಾಟ್ ಬೇಕು. 50 ವ್ಯಾಟ್ ಬಳಸುವಂಥವಾದರೆ 1,000 ವ್ಯಾಟ್ ಸಾಕು. ದಿನಕ್ಕೆ ಐದು ಗಂಟೆಯ ಬಳಕೆಯಲ್ಲಿ ಮೊದಲನೆಯದಕ್ಕೆ 15 ಯೂನಿಟ್, ಎರಡನೆಯದಕ್ಕೆ 5. ವ್ಯತ್ಯಾಸ ಬಿಲ್ಲಿಗಷ್ಟೇ ಸೀಮಿತವಲ್ಲ. ಕರೆಂಟು ಹೋದಾಗ ಯು.ಪಿ.ಎಸ್. ಬ್ಯಾಟರಿಗಳು ಮೊದಲನೆಯ ಪ್ರಯೋಗಾಲಯವನ್ನು ಎಷ್ಟು ಹೊತ್ತು ನಡೆಸಬಲ್ಲವೋ ಅದರ ಮೂರು ಪಾಲಿಗೂ ಕಡಮೆಯಿಲ್ಲದಷ್ಟು ಹೊತ್ತು ಎರಡನೆಯದನ್ನು ನಡೆಸುತ್ತವೆ. ಅರ್ಧ ಬರೆದ ಪಾಠ ಅಳಿಸಿಹೋಗಿ ಕಣ್ಣರಳಿಸಿ ಕುಳಿತ ಮಗುವಿಗೆ ಪ್ರೊಸೆಸರಿನ ದರ್ಜೆಯಿಂದ ಸಮಾಧಾನವಾಗದು. ಮಿತವ್ಯಯದ ಪ್ರೊಸೆಸರೂ ಒಳ್ಳೆಯ ಬ್ಯಾಟರಿಯೂ ಇದ್ದ ಶಾಲೆಯಲ್ಲಿ ಪಾಠದ ಅವಧಿ ಪೂರ್ತಿಯಾಗುತ್ತದೆ. ಕಲಿಕೆ ಎಂಬುದು ಕೊನೆಗೆ ನಿಂತಿರುವುದು ಅದರ ಮೇಲೆಯೇ.

ಈ ಅಭಿಪ್ರಾಯಕ್ಕೆ ಬರುವ ಆಕ್ಷೇಪಗಳನ್ನೂ ಪರಿಶೀಲಿಸುವುದು ನ್ಯಾಯ. ‘ಮುಂದಿನ ಹತ್ತು ವರ್ಷಕ್ಕೆ ಸಾಲುವಂತೆ ಈಗಲೇ ದೊಡ್ಡದನ್ನು ಕೊಂಡರೆ ತಪ್ಪೇನು?’ ಎಂಬುದು ಮೊದಲನೆಯದು. ಬೆಳೆಯುವ ಹುಡುಗನಿಗೆ ಅಂಗಿಯನ್ನು ಕೊಂಚ ದೊಡ್ಡದಾಗಿ ಹೊಲಿಸುವುದು ಜಾಣತನ. ತಂದೆಯ ಅಳತೆಗೆ ಹೊಲಿಸುವುದು ಜಾಣತನವಲ್ಲ. 2017ರಲ್ಲಿ ಐ 7ಕ್ಕೆ ಹೆಚ್ಚು ಹಣ ತೆತ್ತವರ ಗತಿಯನ್ನು ಮೇಲೆ ನೋಡಿದೆಯಷ್ಟೆ. ಹೆಚ್ಚುವರಿ ಬಲ ಬಹುಕಾಲ ನಿರುಪಯುಕ್ತವಾಗಿಯೇ ಬಿದ್ದಿರುತ್ತದೆ. ಬೇಕಾಗುವ ಹೊತ್ತಿಗೆ ತಂತ್ರಾಂಶದ ನಿಯಮವೇ ಯಂತ್ರವನ್ನು ಹೊರಗಿಡುತ್ತದೆ. ಆರು ವರ್ಷಗಳ ಗುರಿಯಿಟ್ಟು ಮಧ್ಯಮ ಯಂತ್ರವನ್ನು ಕೊಂಡು, ಉಳಿದ ಹಣವನ್ನು ಠೇವಣಿಯಾಗಿರಿಸಿ, ಕಾಲ ಬಂದಾಗ ಹೊಸದನ್ನು ಕೊಳ್ಳುವುದರಲ್ಲಿ ಲಾಭ ಹೆಚ್ಚು.

‘ದಾನದಲ್ಲಿ ಕೃಪಣತೆ ಕೂಡದು’ ಎಂಬುದು ಎರಡನೆಯ ಆಕ್ಷೇಪ. ಇದು ಗೌರವಕ್ಕೆ ಪಾತ್ರವಾದ ಭಾವನೆ. ಆದರೆ ಔದಾರ್ಯದ ಅಳತೆ ಒಂದು ಬಿಲ್ಲೆಯ ದರ್ಜೆಯಲ್ಲಿಲ್ಲ. ಅದೇ ಮೊತ್ತದಲ್ಲಿ ಹತ್ತು ಮೇಲ್ದರ್ಜೆಯ ಯಂತ್ರಗಳ ಬದಲು ಹದಿನಾರು ಮಧ್ಯಮ ಯಂತ್ರಗಳು ಬರುವುದಾದರೆ, ಒಂದು ಯಂತ್ರದ ಮುಂದೆ ನಾಲ್ವರು ಮಕ್ಕಳು ಭುಜಕ್ಕೆ ಭುಜ ಒತ್ತಿ ಇಣುಕುವ ಸ್ಥಿತಿ ತಪ್ಪುತ್ತದೆ. ಹಾಗೆ ಇಣುಕುವಲ್ಲಿ ಕೀಲಿಮಣೆ ಸಿಗುವುದು ಗಟ್ಟಿಗನಿಗೆ. ಸಂಕೋಚದ ಹುಡುಗಿ ಹಿಂದೆಯೇ ನಿಂತು ವರ್ಷ ಕಳೆಯುತ್ತಾಳೆ. ಆಕೆಯ ಕೈಗೂ ಕೀಲಿಮಣೆ ಸಿಗುವಂತೆ ಮಾಡಿದ ದಾನವೇ ದೊಡ್ಡದು.

ಮೂರನೆಯದು, ಕಚೇರಿಗಳು ಬಳಸಿ ಬಿಟ್ಟ ಯಂತ್ರಗಳನ್ನು ಅಗ್ಗವಾಗಿ ಕೊಳ್ಳಬಾರದೇಕೆಂಬ ಪ್ರಶ್ನೆ. ಕೊಳ್ಳಬಹುದು, ಆದರೆ ಕಣ್ತೆರೆದು ಕೊಳ್ಳಬೇಕು. 8ನೆಯ ತಲೆಮಾರು ಅಥವಾ ಅದರಿಂದೀಚಿನ ಇಂಟೆಲ್, ರೈಜನ್ 2000ದ ಸಾಲು ಅಥವಾ ಅದರಿಂದೀಚಿನ ಎ.ಎಂ.ಡಿ., ಅದಕ್ಕೆ ಹೊಸ ಎಸ್.ಎಸ್.ಡಿ., ಲಿಖಿತವಾದ ವಾರಂಟಿ ಇವಿಷ್ಟಿದ್ದರೆ ಬಡ ಶಾಲೆಗೆ ಅದೂ ವರವೇ. ಅದಕ್ಕಿಂತ ಹಳೆಯವನ್ನು ಯಾರಾದರೂ ಉಚಿತವಾಗಿ ಕೊಟ್ಟರೆ ಲಿನಕ್ಸ್ ಎಂಬ ಮುಕ್ತ ತಂತ್ರಾಂಶದಿಂದ ಅವಕ್ಕೆ ಮರುಜೀವ ಕೊಡಬಹುದು. ನೆರೆಯ ಕೇರಳದ ಸರಕಾರಿ ಶಾಲೆಗಳು ಮುಕ್ತ ತಂತ್ರಾಂಶದಿಂದಲೇ ಗಣಕಶಿಕ್ಷಣವನ್ನು ವರ್ಷಗಳಿಂದ ನಡೆಸಿಕೊಂಡು ಬಂದಿರುವುದು ಅನುಕರಣೀಯ.

ಅತ್ಯುನ್ನತವಾದುದು ನಿರ್ದೋಷವಾಗಿಯೇ ಇರುತ್ತದೆಂಬ ನಂಬಿಕೆಯೂ ನಿರಾಧಾರವಾದುದು. 1994ರಲ್ಲಿ ಅಮೆರಿಕದ ಗಣಿತಾಧ್ಯಾಪಕ ಥಾಮಸ್ ನೈಸ್ಲಿ ಅವಿಭಾಜ್ಯ ಸಂಖ್ಯೆಗಳ ಗಣನೆಯಲ್ಲಿ ತೊಡಗಿದ್ದಾಗ ಅಂದಿನ ಶ್ರೇಷ್ಠ ಪ್ರೊಸೆಸರಾದ ಪೆಂಟಿಯಂ ಭಾಗಾಕಾರದಲ್ಲಿ ತಪ್ಪು ಮಾಡುವುದನ್ನು ಕಂಡುಹಿಡಿದರು. ಮೊದಲು ಅದನ್ನು ಕ್ಷುಲ್ಲಕವೆಂದ ಇಂಟೆಲ್ ಕಡೆಗೆ ಪ್ರೊಸೆಸರುಗಳನ್ನು ಬದಲಾಯಿಸಿಕೊಡಲೊಪ್ಪಿ, 47.5 ಕೋಟಿ ಡಾಲರುಗಳ ಹೊರೆಯನ್ನು ಲೆಕ್ಕದಲ್ಲಿ ತೋರಿಸಬೇಕಾಯಿತು. 2024ರಲ್ಲಿ ಅದೇ ಸಂಸ್ಥೆಯ 13 ಮತ್ತು 14ನೆಯ ತಲೆಮಾರುಗಳ ಮೇಜುಗಣಕದ ಪ್ರೊಸೆಸರುಗಳಲ್ಲಿ, ವಿಶೇಷವಾಗಿ ಮೇಲ್ದರ್ಜೆಯವುಗಳಲ್ಲಿ, ಅಧಿಕ ವೋಲ್ಟೇಜಿನಿಂದ ಅಸ್ಥಿರತೆ ತಲೆದೋರಿತು. ಸಂಸ್ಥೆಯು ತಿದ್ದುಪಡಿಗಳನ್ನು ಕೊಟ್ಟು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಇದರಿಂದ ಆ ಸಂಸ್ಥೆಯನ್ನು ದೂರವಿಡಬೇಕೆಂದಾಗಲಿ, ಮತ್ತೊಂದನ್ನು ಕಣ್ಣುಮುಚ್ಚಿ ನಂಬಬೇಕೆಂದಾಗಲಿ ತಾತ್ಪರ್ಯವಲ್ಲ. ಮಾರುಕಟ್ಟೆಗೆ ಬಂದು ಕೆಲಕಾಲವಾಗಿ, ಬಳಸಿದವರ ಪರೀಕ್ಷೆಯಲ್ಲಿ ಗೆದ್ದ ಪ್ರೊಸೆಸರೇ ಶಾಲೆಗೆ ಕ್ಷೇಮ. ಆ ದೋಷವನ್ನು ಲೋಕಕ್ಕೆ ತಿಳಿಸಿದವರು ಒಬ್ಬ ಅಧ್ಯಾಪಕರೆಂಬುದು ಅಧ್ಯಾಪಕವೃಂದಕ್ಕೆ ಹೆಮ್ಮೆಯ ವಿಷಯ. ಯಂತ್ರ ಹೇಳಿತೆಂದು ಒಪ್ಪದೆ ತಾಳೆ ನೋಡುವ ಅಭ್ಯಾಸ ಮಕ್ಕಳಿಗೂ ಬರಬೇಕಾದದ್ದು.

ಕೊಳ್ಳುವ ಮುನ್ನ ಆಡಳಿತ ಮಂಡಳಿಯವರು ಅನುಸರಿಸಬೇಕಾದ ಕ್ರಮ ಸರಳವಾಗಿದೆ. ಮೊದಲು ಅಂಗಡಿಗೆ ಹೋಗುವುದನ್ನು ಬಿಟ್ಟು, ಪಾಠ ಮಾಡುವ ಅಧ್ಯಾಪಕರನ್ನೂ ಕಚೇರಿಯ ಗುಮಾಸ್ತರನ್ನೂ ಕರೆದು ಕೆಲಸಗಳ ಪಟ್ಟಿ ಮಾಡಿಸಬೇಕು. ದರಪಟ್ಟಿ ಕೇಳುವಾಗ ‘ಐ 5 ಗಣಕ’ ಎಂದಷ್ಟೇ ಬರೆಯದೆ, ಪ್ರೊಸೆಸರಿನ ಪೂರ್ಣ ಸಂಖ್ಯೆಯನ್ನು ಕೊನೆಯ ಅಕ್ಷರದವರೆಗೂ ನಮೂದಿಸಬೇಕು. ಎರಡು ಮೂರು ಕಡೆಯಿಂದ ದರಪಟ್ಟಿ ತರಿಸಿ, ರ‍್ಯಾಮ್, ಎಸ್.ಎಸ್.ಡಿ., ವಾರಂಟಿಗಳನ್ನು ಸಾಲಾಗಿ ಹೋಲಿಸಬೇಕು. ಒಂದು ಯಂತ್ರವನ್ನು ಮೊದಲು ತರಿಸಿ, ಶಾಲೆಯಲ್ಲಿರುವ ಮುದ್ರಣಯಂತ್ರ, ಕನ್ನಡ ತಂತ್ರಾಂಶ, ಹಳೆಯ ಕಡತಗಳೊಡನೆ ಅದು ಹೊಂದಿಕೊಳ್ಳುವುದೇ ಎಂದು ಒಂದು ವಾರ ನೋಡಬೇಕು. ಆಪಲ್ ಸಂಸ್ಥೆ 2020ರಲ್ಲಿ ತಂದ ಎಂ 1, 2024ರಿಂದ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಕಾಣಿಸಿಕೊಂಡ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಮುಂತಾದ ಆರ್ಮ್ ಮಾದರಿಯ ಪ್ರೊಸೆಸರುಗಳು ಮಿತವ್ಯಯದಲ್ಲಿ ಶ್ಲಾಘ್ಯವಾಗಿದ್ದರೂ, ಇಂಟೆಲ್ ಮಾದರಿಗಾಗಿ ರಚಿತವಾದ ಹಳೆಯ ತಂತ್ರಾಂಶಗಳೂ ಮುದ್ರಣಯಂತ್ರಗಳೂ ಅವುಗಳೊಡನೆ ಹೊಂದದೆ ಹೋಗಬಹುದಾದ್ದರಿಂದ ಈ ಪರೀಕ್ಷೆ ಅಲ್ಲಿ ಅತ್ಯಗತ್ಯ. ಯಂತ್ರಗಳು ಬಂದಿಳಿದ ದಿನ ಒಂದೊಂದನ್ನೂ ತೆರೆದು, ಪರದೆಯಲ್ಲಿ ಕಾಣುವ ಪ್ರೊಸೆಸರಿನ ಹೆಸರನ್ನು ಬಿಲ್ಲಿನೊಡನೆ ತಾಳೆ ನೋಡಿ ದಾಸ್ತಾನು ಪುಸ್ತಕದಲ್ಲಿ ಬರೆಯಬೇಕು. ಅಕ್ಕಿಯ ಮೂಟೆಯನ್ನು ತೂಗಿ ಇಳಿಸಿಕೊಳ್ಳುವವರು ಗಣಕವನ್ನು ಮಾತ್ರ ನಂಬಿಕೆಯ ಮೇಲೆ ಇಳಿಸಿಕೊಳ್ಳಬೇಕಾದ ಕಾರಣವಿಲ್ಲ.

ಇಲ್ಲಿ ಹಳೆಯ ವಿದ್ಯಾರ್ಥಿಗಳ ಪಾತ್ರ ಹಿರಿದು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಬೆಂಗಳೂರಿನಲ್ಲಿ ತನ್ನ ವಿನ್ಯಾಸ ಕೇಂದ್ರವನ್ನು ತೆರೆದಂದಿನಿಂದ ಆ ನಗರ ಬಿಲ್ಲೆಗಳ ವಿನ್ಯಾಸದ ತವರಾಗಿ ಬೆಳೆದಿದೆ. ಎ.ಎಂ.ಡಿ. ಸಂಸ್ಥೆ ಜಗತ್ತಿನಲ್ಲಿಯೇ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರಲ್ಲಿ ಅಲ್ಲಿಯೇ ತೆರೆಯಿತು. ಮದ್ರಾಸಿನ ಐ.ಐ.ಟಿ.ಯಲ್ಲಿ ‘ಶಕ್ತಿ’, ಸಿ-ಡ್ಯಾಕ್ ಸಂಸ್ಥೆಯಲ್ಲಿ ‘ವೇಗ’ ಎಂಬ ಸ್ವದೇಶೀ ಪ್ರೊಸೆಸರುಗಳು ರೂಪುಗೊಂಡಿವೆ. ಅಂಗಡಿಯ ಸಾಮಾನ್ಯ ಗಣಕಗಳಲ್ಲಿ ಅವು ಇನ್ನೂ ಸ್ಥಾನ ಪಡೆದಿಲ್ಲವಾದರೂ ದಾರಿ ತೆರೆದಿದೆ. ಗ್ರಾಮೀಣ ಶಾಲೆಗಳಲ್ಲಿ ಕಲಿತ ಎಷ್ಟೋ ಮಂದಿ ಇಂದು ಈ ಕ್ಷೇತ್ರದಲ್ಲಿದ್ದಾರೆ. ಅವರು ಹಣವನ್ನು ಕಳುಹಿಸಿ ಸುಮ್ಮನಾಗದೆ, ದರಪಟ್ಟಿಯನ್ನು ಓದಿ ‘ಇದು ಬೇಡ, ಇದು ಸಾಕು’ ಎಂದು ಒಂದು ಮಾತು ಹೇಳಿದರೆ, ಆ ಮಾತು ಲಕ್ಷ ರೂಪಾಯಿಗಳ ದಾನಕ್ಕೆ ಸಮನಾದೀತು. ತಿಳಿದವರ ಅರ್ಧ ಗಂಟೆಯ ಸಮಯವೂ ವಿದ್ಯಾದಾನವೇ.

ಕೆಲವು ವರ್ಷಗಳು ಕಳೆದ ಮೇಲೆ ಪ್ರಯೋಗಾಲಯದ ಗೋಡೆಯ ಮೇಲೆ ದಾನಿಗಳ ಹೆಸರಿನ ಫಲಕ ಉಳಿದೇ ಇರುತ್ತದೆ. ಅದರ ಕೆಳಗೆ ಬಟ್ಟೆ ಮುಚ್ಚಿದ ಯಂತ್ರಗಳು ಧೂಳು ಹಿಡಿದು ನಿಂತಿವೆಯೋ, ಮಕ್ಕಳ ಬೆರಳುಗಳಿಂದ ಕೀಲಿಮಣೆಯ ಅಕ್ಷರಗಳು ಸವೆದು ಅಳಿಸಿವೆಯೋ ಎಂಬುದು ಕೊಳ್ಳುವ ದಿನದ ವಿವೇಕವನ್ನು ಅವಲಂಬಿಸಿದೆ. ಸವೆದ ಕೀಲಿಮಣೆಯೇ ದಾನಿಗೆ ಸಲ್ಲುವ ನಿಜವಾದ ಅಭಿನಂದನ ಪತ್ರ.